ಗೇರ್ ಇಳಿಸುವಾಗಿನ ಜಗ್ಗು ಹೋದದ್ದು ಹೇಗೆ

ಹಿಂದಿನ ಸೀಟಿನಲ್ಲಿ ಅಮ್ಮ ತೂಕಡಿಸುತ್ತಿದ್ದರು. ತಿರುವು ಬಂತೆಂದು ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ ಕ್ಲಚ್ ಬಿಟ್ಟೆ. ಕಾರು ಮುಗ್ಗರಿಸಿದಂತೆ ಜಗ್ಗಿತು, ಅಮ್ಮ ಬೆಚ್ಚಿ ಎದ್ದರು. ಏನೂ ಅನ್ನಲಿಲ್ಲ. ಆದರೆ ಕಾರು ಓಡಿಸಲು ಕಲಿತು ನಾಲ್ಕು ವರ್ಷವಾದರೂ ಈ ಜಗ್ಗು ಹೋಗಿಲ್ಲವಲ್ಲ ಎಂಬ ಯೋಚನೆ ಅಂದಿನಿಂದ ನನ್ನನ್ನು ಕೊರೆಯತೊಡಗಿತು.

ಅದಕ್ಕೆ ನನಗೆ ಗೊತ್ತಿದ್ದ ಮದ್ದು ಕ್ಲಚ್ಚನ್ನು ನಿಧಾನವಾಗಿ ಬಿಡುವುದೊಂದೇ. ಹಾಗೆ ಬಿಟ್ಟರೆ ಜಗ್ಗು ಕಡಿಮೆಯಾಗುವುದು ನಿಜ, ಆದರೆ ಅಷ್ಟು ಹೊತ್ತೂ ಕ್ಲಚ್ ಪ್ಲೇಟ್ ಉಜ್ಜಿ ಸವೆಯುತ್ತಿರುತ್ತದೆ. ರೋಗ ಇದ್ದದ್ದು ಎಡಗಾಲಿನಲ್ಲಲ್ಲ, ಬಲಗಾಲಿನಲ್ಲಿ. ನನ್ನ ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿರುವಾಗ ಮೂರನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,900 ಸುತ್ತು ತಿರುಗುತ್ತದೆ; ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ ಸುಮಾರು 2,800 ಬೇಕು. ನಡುವಿನ ಆ 900 ಸುತ್ತನ್ನು ನಾನು ಬಲಗಾಲಿನಿಂದ ಆ್ಯಕ್ಸಿಲರೇಟರ್ ಒತ್ತಿ ಕೊಡದಿದ್ದರೆ ಚಕ್ರಗಳು ಕೊಡಬೇಕಾಗುತ್ತದೆ. ಓಡುತ್ತಿರುವ ಕಾರು ತನ್ನ ವೇಗವನ್ನೇ ಕಿತ್ತು ಎಂಜಿನ್ನಿಗೆ ಕೊಡುತ್ತದೆ, ಅದೇ ಜಗ್ಗು. ಇದು ತಲೆಗೆ ಹೊಕ್ಕ ದಿನವೇ ಅರ್ಧ ಕಲಿತಂತಾಯಿತು.

ಖಾಲಿಯಾದ ನೇರ ರಸ್ತೆಯಲ್ಲಿ ಅಭ್ಯಾಸ ಶುರು ಮಾಡಿದೆ. ಮೊದಲು ಎರಡನೇ ಗೇರಿನಲ್ಲೇ 40ರಲ್ಲಿ ಓಡಿಸುತ್ತಾ ಎಂಜಿನ್ನಿನ ಶ್ರುತಿಯನ್ನು ಕಿವಿಗೆ ಹಿಡಿಸಿಕೊಂಡೆ; ಗೇರ್ ಬದಲಿಸುವ ಹೊತ್ತಿನಲ್ಲಿ ಮೀಟರ್ ನೋಡಲು ಕಣ್ಣಿಗೆ ಬಿಡುವಿರುವುದಿಲ್ಲ. ಆಮೇಲೆ ಮೂರನೇ ಗೇರಿಗೆ ಹೋಗಿ ಅದೇ ವೇಗದಲ್ಲಿ ಕ್ಲಚ್ ಒತ್ತಿ, ಲಿವರ್ ನ್ಯೂಟ್ರಲ್ ದಾಟುತ್ತಿರುವಾಗ ಆ್ಯಕ್ಸಿಲರೇಟರನ್ನು ಚುಟುಕಾಗಿ ತಟ್ಟಿ, ಆ ಶ್ರುತಿ ಕೇಳಿಸಿದ ಕೂಡಲೇ ಕ್ಲಚ್ ಬಿಡುತ್ತಿದ್ದೆ. ಹೆಚ್ಚು ತಟ್ಟಿದರೆ ಕಾರು ಮುಂದಕ್ಕೆ ನುಗ್ಗುತ್ತಿತ್ತು, ಕಡಿಮೆಯಾದರೆ ಮೂತಿ ಬಾಗಿಸುತ್ತಿತ್ತು. ನುಗ್ಗಿತೋ ಬಾಗಿತೋ ಎಂದು ಗಮನಿಸುತ್ತಾ ಹೋದರೆ ಸಾಕು, ಕಾಲು ತಾನಾಗಿ ತಿದ್ದಿಕೊಳ್ಳುತ್ತದೆ. ನನ್ನ ದೊಡ್ಡ ತಪ್ಪು ತಟ್ಟಿದ ಮೇಲೆ ಕಾಯುವುದಾಗಿತ್ತು. ಅರೆಕ್ಷಣ ತಡವಾದರೂ ಏರಿದ ಸುತ್ತು ಇಳಿದುಬಿಡುತ್ತದೆ, ತಟ್ಟಿದ್ದು ವ್ಯರ್ಥ. ಲಿವರನ್ನು ನೂಕಬಾರದು ಎಂಬುದೂ ಆಗಲೇ ತಿಳಿಯಿತು. ಹಗುರವಾಗಿ ಒತ್ತಿಹಿಡಿದರೆ ಒಳಗಿನ ಸಿಂಕ್ರೊನೈಸರ್ ಹಲ್ಲುಗಳ ವೇಗವನ್ನು ಹೊಂದಿಸಿ ತಾನೇ ಒಳಗೆಳೆದುಕೊಳ್ಳುತ್ತದೆ.

ಹತ್ತು ದಿನಗಳಲ್ಲಿ ಇಷ್ಟು ಒಲಿಯಿತು. ಆದರೆ ಬ್ರೇಕ್ ಒತ್ತಿರುವಾಗಲೇ ಇದನ್ನು ಮಾಡಲು ತಿಂಗಳುಗಳೇ ಹಿಡಿದವು. ಪಾದದ ಎಡ ಅರ್ಧ ಬ್ರೇಕಿನ ಮೇಲೆ ಕದಲದೆ ಇರಬೇಕು, ಬಲ ಅಂಚು ವಾಲಿ ಆ್ಯಕ್ಸಿಲರೇಟರನ್ನು ತಟ್ಟಬೇಕು. ವಾಲಿದಾಗ ಬ್ರೇಕಿನ ಒತ್ತಡವೂ ಬದಲಾದರೆ ಒಂದು ಜಗ್ಗು ಹೋಗಿ ಇನ್ನೊಂದು ಬಂದಂತೆ. ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಆ್ಯಕ್ಸಿಲರೇಟರನ್ನು ಕಡೆಗಣಿಸುವ ಕಾರುಗಳೂ ಇವೆ, ಅವುಗಳಲ್ಲಿ ಈ ಪ್ರಯತ್ನವೇ ಬೇಡ. ದಿನನಿತ್ಯಕ್ಕೆ ನನಗೆ ಹಿತವಾದದ್ದು ಸರಳ ಕ್ರಮ: ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ಪಾದ ಸರಿಸಿ, ತಟ್ಟಿ, ಗೇರ್ ಇಳಿಸುವುದು. ವೇಗ ತಗ್ಗಿಸುವುದು ಬ್ರೇಕಿನ ಕೆಲಸ. ಉದ್ದದ ಇಳಿಜಾರಿನ ಮಾತು ಬೇರೆ. ಅಲ್ಲಿ ಬ್ರೇಕ್ ಬಿಸಿಯೇರದಿರಲು ಇಳಿಯುವ ಮುನ್ನವೇ ಕೆಳಗಿನ ಗೇರ್ ಹಾಕಿಕೊಳ್ಳುತ್ತೇನೆ.

ಮಳೆಯಲ್ಲಿ ಈ ಅಭ್ಯಾಸದ ಬೆಲೆ ಗೊತ್ತಾಗುತ್ತದೆ. ಒದ್ದೆ ರಸ್ತೆಯಲ್ಲಿ ಜಗ್ಗಿದರೆ ಚಕ್ರ ಹಿಡಿತ ತಪ್ಪಿ ಜಾರಬಹುದು. ಒಂದು ಎಚ್ಚರಿಕೆಯನ್ನಂತೂ ಹೇಳಲೇಬೇಕು: ವೇಗದಲ್ಲಿರುವಾಗ ಐದರಿಂದ ನಾಲ್ಕಕ್ಕೆ ಹೋಗಬೇಕಾದ ಲಿವರ್ ಎರಡಕ್ಕೆ ಬಿದ್ದು ಕ್ಲಚ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ಸುತ್ತು ಮಿತಿ ಮೀರದಂತೆ ಇಂಧನ ತಡೆಯುವ ಯಾವ ವ್ಯವಸ್ಥೆಯೂ ಆಗ ಅದನ್ನು ಉಳಿಸಲಾರದು. ಅದಕ್ಕೇ ಐದರಿಂದ ಇಳಿಸುವಾಗ ಲಿವರನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಅಂಗೈಯಿಂದ ನೇರ ಹಿಂದಕ್ಕೆ ಎಳೆಯುತ್ತೇನೆ.

ಓಡುತ್ತಿರುವ ಕಾರನ್ನು ಒಂದನೇ ಗೇರಿಗೆ ಮಾತ್ರ ಈಗಲೂ ಇಳಿಸುವುದಿಲ್ಲ. ಎರಡಕ್ಕೂ ಒಂದಕ್ಕೂ ನಡುವಿನ ಅಂತರ ತೀರಾ ದೊಡ್ಡದು. ಕಾರು ನಡಿಗೆಯ ವೇಗಕ್ಕೆ ಬರುವವರೆಗೆ ಕಾಯುತ್ತೇನೆ.