ಮೈಲಾರ ಮಹಾದೇವಪ್ಪನವರ ಕಥೆ, ಬ್ಯಾಂಡಿನ ಬಾಯಲ್ಲಿ

ಒಂದೇ ಬಾಯಿಗೆ ಒಗ್ಗದ ಕಥೆಗಳಿರುತ್ತವೆ. ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರದು ಅಂಥದ್ದು. ಹಾವೇರಿ ಸೀಮೆಯ ಮೋಟೆಬೆನ್ನೂರಿನ ಹುಡುಗ, 18ರ ವಯಸ್ಸಿನಲ್ಲಿ, 1930ರಲ್ಲಿ, ಗಾಂಧೀಜಿಯವರ ಜೊತೆ ದಂಡಿಗೆ ನಡೆದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷ್ ಸರ್ಕಾರ ಕಂದಾಯದ ಹಣ ಇಟ್ಟಿದ್ದ ವೀರಭದ್ರ ದೇವರ ಗುಡಿಯ ಹತ್ತಿರ, ಪೊಲೀಸರ ಗುಂಡಿಗೆ ಬಿದ್ದ. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಈ ಕಥೆಯನ್ನು ನಾನು ಜಾಝ್ ಬಿಗ್ ಬ್ಯಾಂಡಿಗೆ ಬರೆದೆ: ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರಂಬೋನ್, ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ಇವುಗಳ ಮುಂದೆ ಒಬ್ಬ ವಾಚಕ, ಒಬ್ಬ ಗಾಯಕಿ, ಒಬ್ಬ ತಬಲಾದವರು.

ಅದೇ 1943ರ ಜನವರಿಯಲ್ಲಿ ಅಮೆರಿಕದ ಕಪ್ಪು ಜನಾಂಗದ ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ‘ಬ್ಲ್ಯಾಕ್, ಬ್ರೌನ್ ಆ್ಯಂಡ್ ಬೇಜ್’ ನುಡಿಸಿದ್ದರು. ತಮ್ಮ ಜನರ ಇತಿಹಾಸವನ್ನೇ ಒಂದು ದೀರ್ಘ ಕೃತಿಯಾಗಿ ಬ್ಯಾಂಡಿನ ಮುಂದಿಟ್ಟಿದ್ದರು. ಎರಡೂ ಒಂದೇ ವರ್ಷದ್ದು ಎಂದು ತಿಳಿದ ಮೇಲೆ ನನಗೆ ಬೇರೆ ರೂಪ ಬೇಕೆನಿಸಲಿಲ್ಲ.

ಮೊದಲು ತೀರ್ಮಾನವಾಗಬೇಕಾದದ್ದು, ಯಾರು ಏನು ಹೇಳಬೇಕು ಎಂಬುದು. ಇಸವಿ, ಊರು, ಹೆಸರು ಮಾತಿಗೆ. ದುಃಖ ಗಾಯಕಿಗೆ, ಆಕೆ ಮಹಾದೇವಪ್ಪನವರ ಪತ್ನಿ ಸಿದ್ಧಮ್ಮ, ತಾವೂ ಹೋರಾಟಕ್ಕೆ ಇಳಿದವರು. ಜನಸಮೂಹ ಬ್ಯಾಂಡಿಗೆ. ಮಾತು ಹೇಳಿದ್ದನ್ನು ವಾದ್ಯ ಮತ್ತೆ ಹೇಳಬಾರದು, ಇದರಲ್ಲಿ ನಾನು ಹಟವಾದಿ. ವಾಚಕ ‘ನಡೆದರು’ ಎಂದಾಗ ಡ್ರಮ್ಸ್ ಹೆಜ್ಜೆ ಸದ್ದು ಮಾಡಿದರೆ ಕೇಳುವವರಿಗೆ ಕೆಲಸವೇ ಉಳಿಯುವುದಿಲ್ಲ. ದಂಡಿಯ ಭಾಗದಲ್ಲಿ ಮೊದಲು ಮಾತೇ ಇಲ್ಲ. ಬೇಸ್ ಒಂದೇ ನಾಲ್ಕು ಏಟಿಗೆ ನಡೆಯುತ್ತದೆ, ಸ್ಯಾಕ್ಸೊಫೋನ್‌ಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. ಗುಂಪು ಬೆಳೆದಾದ ಮೇಲೆ ವಾಚಕ ಬಾಯಿ ತೆರೆದು ಸಾಬರಮತಿಯಿಂದ ಹೊರಟ ತಾರೀಖು ಹೇಳುತ್ತಾನೆ: ಮಾರ್ಚ್ 12.

ವಾಚಕರು ಗದಗಿನವರು, ಗಮಕ ಹೇಳುವವರು. ಅವರಿಂದ ಈ ಕೃತಿಗೆ ಬಂದದ್ದು ದೊಡ್ಡದು. ಕುಮಾರವ್ಯಾಸನ ಊರಿನವರಿಗೆ ಭಾಮಿನಿ ಷಟ್ಪದಿ ಉಸಿರಾಟದಷ್ಟು ಸಲೀಸು, ಹಾಗಾಗಿ ಮೋಟೆಬೆನ್ನೂರಿನ ಭಾಗವನ್ನು ಭಾಮಿನಿಯಲ್ಲೇ ಬರೆದೆ. ಮೂರು–ನಾಲ್ಕು, ಮೂರು–ನಾಲ್ಕು: ಸಾಲಿಗೆ 14 ಮಾತ್ರೆ. ತಬಲಾದವರು ಕೇಳಿದ ಕೂಡಲೇ ‘ಇದು ರೂಪಕರಿ’ ಎಂದರು. ಹಿಂದೂಸ್ತಾನಿಯ ರೂಪಕ ತಾಳ 3–2–2, ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, ಏಳು ಮಾತ್ರೆ. ಒಂದು ಸಾಲಿಗೆ ಸರಿಯಾಗಿ ಎರಡು ಆವರ್ತನ. ಅಲ್ಲಿಗೆ ಡ್ರಮ್ಸ್‌ನವರಿಗೂ ಹಾದಿ ಸಿಕ್ಕಿತು. ಸೊಗಸು ಇರುವುದು ಮೂರನೆಯ ಮತ್ತು ಆರನೆಯ ಸಾಲಿನಲ್ಲಿ. ಅಲ್ಲಿ 23 ಮಾತ್ರೆ, ಎಂದರೆ ಮೂರು ಆವರ್ತನದ ಮೇಲೆ ಒಂದು ಗುರು. ಆ ಗುರು ನಾಲ್ಕನೆಯ ಆವರ್ತನದ ಮೊದಲ ಎರಡು ಮಾತ್ರೆ ತೆಗೆದುಕೊಂಡರೆ ಐದು ಮಾತ್ರೆ ಖಾಲಿ. ಆ ಐದರಲ್ಲಿ ಟ್ರಂಬೋನ್‌ಗಳು ಉತ್ತರ ಕೊಡುತ್ತವೆ. ಗೀಗೀ ಮೇಳದಲ್ಲಿ ಮುಂದಿನವನು ಸಾಲು ಬಿಟ್ಟಲ್ಲಿ ಹಿಂದಿನವರು ‘ಗೀಯ ಗೀಯ’ ಎಂದು ಎತ್ತಿಕೊಳ್ಳುವ ಜಾಗ ಅದೇ. ಜಾಝಿನ ಕರೆ–ಮಾರುತ್ತರವೂ ಅದೇ ಜಾಗದಲ್ಲಿ ಬದುಕುತ್ತದೆ. ಇಡೀ ಕೃತಿಯಲ್ಲಿ ನನಗೆ ಬಹಳ ಪ್ರೀತಿಯ ಜಾಗ ಇದು.

ಗದ್ಯ ಬಂದಾಗ ಬಾರ್, ಅಂದರೆ ಬರೆದ ಸಂಗೀತದ ತಾಳದ ಮನೆ, ಎಣಿಸುವ ಗೊಡವೆಯೇ ಬೇಡ. ಮಾತಿಗೆ ಅದರದೇ ಓಟವಿದೆ. ಇವತ್ತು ನಿಧಾನ, ನಾಳೆ ಬೇಗ. ಅದಕ್ಕೇ ನಾಲ್ಕು ಬಾರಿನ ಒಂದು ತುಣುಕು ಕೊಟ್ಟು, ನನ್ನ ಕೈಸನ್ನೆ ಬರುವವರೆಗೆ ಅದನ್ನೇ ತಿರುಗಿಸಲು ಹೇಳುತ್ತೇನೆ. ವ್ಯಂಜನಗಳು ಕಿವಿಗೆ ಬಿಡಿಬಿಡಿಯಾಗಿ ತಿಳಿಯುವುದು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ನಡುವೆ. ಬಾಯಿಗೆ ಹಾರ್ಮನ್ ಮ್ಯೂಟ್ ಎಂಬ ಲೋಹದ ಬಿರಡೆ ಹಾಕಿದ ಟ್ರಂಪೆಟ್‌ನ ಕಿರುಗುಡುವ ಹೊಳಪು ಆ ಜಾಗಕ್ಕೇ ನುಗ್ಗುತ್ತದೆ. ಮಾತಿನ ಕೆಳಗೆ ನಾನು ಇಡುವುದು ಕೆಳಸ್ಥಾಯಿಯ ಟ್ರಂಬೋನ್, ಬ್ಯಾರಿಟೋನ್ ಸ್ಯಾಕ್ಸೊಫೋನ್, ಬೇಸ್ ಅಷ್ಟೇ. ಮೈಕಿನ ಸದ್ದು ಏರಿಸುವ ಮುಂಚೆ ಮಾಡಬೇಕಾದ ಕೆಲಸ ಇದು.

ಗಾಯಕಿ ಧಾರವಾಡದಲ್ಲಿ ಹಿಂದೂಸ್ತಾನಿ ಕಲಿತವರು. ಅವರ ಷಡ್ಜ ಕಾಳಿ ಪಾಂಚ್, ಹಾರ್ಮೋನಿಯಂನ ಐದನೆಯ ಕಪ್ಪು ಮನೆ, ಅಂದರೆ ಬಿ ಫ್ಲಾಟ್. ಟ್ರಂಪೆಟ್ ಕವಾಟ ಒತ್ತದೆ ಸಹಜವಾಗಿ ಹೊರಡುವ ಸ್ವರವೂ ಅದೇ. ಹಿತ್ತಾಳೆ ವಾದ್ಯಕ್ಕೂ ಆಕೆಯ ಕಂಠಕ್ಕೂ ಒಂದೇ ಮನೆ ಎಂದಾದ ಮೇಲೆ ಶ್ರುತಿಯ ತಕರಾರು ಉಳಿಯಲಿಲ್ಲ. ಆದರೆ ಆಲಾಪದ ಕೆಳಗೆ ಬೇಗ ಬೇಗ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ, ಬದಲಿಸಿದರೆ ರಾಗದ ನೆಲ ಜಾರುತ್ತದೆ. ಸಿದ್ಧಮ್ಮನ ಹಾಡಿನುದ್ದಕ್ಕೂ ಬೇಸ್ ಷಡ್ಜದ ಮೇಲೇ ನಿಂತಿದೆ, ಮೇಲಿನ ಸ್ಯಾಕ್ಸೊಫೋನ್‌ಗಳು ಮಾತ್ರ ರಾಗದ ಸ್ವರಗಳೊಳಗೆ ಮೆಲ್ಲಗೆ ಜಾಗ ಬದಲಿಸುತ್ತವೆ.

ಊದುವವರಲ್ಲಿ ಅರ್ಧಕ್ಕರ್ಧ ಹುಬ್ಬಳ್ಳಿಯ ಮದುವೆ ಬ್ಯಾಂಡ್ ಕಂಪನಿಗಳವರು. ‘ಕಾಗದ ಬ್ಯಾಡ್ರಿ ಸರ್, ಒಂದ್ಸಲ ಹಾಡಿ ತೋರಸ್ರಿ, ಊದತೀವಿ’ ಎಂದರು ಟ್ರಂಪೆಟ್ ಮಾಸ್ತರು. ಹಾಡಿದೆ, ಊದಿದರು. ಬೇಸಿಗೆಯ ಬಿಸಿಲಲ್ಲಿ ಮದುವೆ ಮೆರವಣಿಗೆಯ ಮುಂದೆ ಗಂಟೆಗಟ್ಟಲೆ ಊದಿ ಪಳಗಿದ ತುಟಿ ಅವು. ಸಭಾಂಗಣದಲ್ಲಿ ಕಲಿತವರಿಗೆ ಆ ಕಸುವು ಸುಲಭಕ್ಕೆ ಬರುವುದಿಲ್ಲ.

ಹೊಸರಿತ್ತಿಯ ಭಾಗದಲ್ಲಿ ಗುಂಡಿನ ಸದ್ದು ಇಲ್ಲ. ಡ್ರಮ್ಸ್‌ನಲ್ಲಿ ಒಂದು ಏಟು ಕೊಡೋಣ ಎಂದು ಹಲವರು ಕೇಳಿದರು, ಒಪ್ಪಲಿಲ್ಲ. ಬ್ಯಾಂಡ್ ಪೂರ್ತಿ ನಿಲ್ಲುತ್ತದೆ. ವಾಚಕ ತಾರೀಖು ಹೇಳಿ ಮೂರೂ ಹೆಸರುಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಾನೆ. ಮೂರನೆಯ ಹೆಸರಿನ ಮೇಲೆ ಎಲ್ಲ ಹದಿನೇಳೂ ವಾದ್ಯಗಳು ಒಟ್ಟಿಗೆ ಎದ್ದು, ಮೊದಲಿನ ಆ ಐದು ಮಾತ್ರೆಯ ಉತ್ತರವನ್ನೇ ಮತ್ತೆ ಮತ್ತೆ ನುಡಿಸುತ್ತವೆ. ಬಿಗ್ ಬ್ಯಾಂಡಿನವರು ಇದನ್ನು ಶೌಟ್ ಕೋರಸ್ ಎನ್ನುತ್ತಾರೆ. ನನಗದು ಊರಿನ ಜನ.

ಈಗ ಇದನ್ನೇ ಒಂಬತ್ತು ಜನಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಮೋಟೆಬೆನ್ನೂರು, ಹೊಸರಿತ್ತಿಗಳಲ್ಲೇ ನುಡಿಸಬೇಕು ಎಂಬ ಆಸೆ, ಊರ ಕಟ್ಟೆಯ ಮೇಲೆ ಹದಿನೇಳು ಕುರ್ಚಿ ಹಿಡಿಸುವುದಿಲ್ಲ. ನಾಲ್ಕು ಟ್ರಂಬೋನ್‌ಗಳ ಜಾಗಕ್ಕೆ ಮದುವೆ ಬ್ಯಾಂಡಿನ ಎರಡು ಯುಫೋನಿಯಂ ಇಡುತ್ತಿದ್ದೇನೆ, ಪಿಯಾನೊ ಬದಲು ಹಾರ್ಮೋನಿಯಂ. ಭಾಮಿನಿಯ ಭಾಗ ಮುಗಿದಿದೆ, ದಂಡಿಯ ಭಾಗ ನಡೆದಿದೆ.