ಬೇರೋ ಕಾಂಡವೋ? ಮೊದಲು ಕ್ಸೈಲಮ್ ನೋಡಿ

ಪಿಯುಸಿ ಬಯಾಲಜಿ ಪ್ರಾಕ್ಟಿಕಲ್‌ಗೆ ಓದುತ್ತಿರುವವರಿಗೆ ಒಂದು ಸಲಹೆ. ಗಿಡದ ಸೆಕ್ಷನ್ (ಅಡ್ಡಲಾಗಿ ಕತ್ತರಿಸಿದ ತೆಳು ತುಂಡು) ಇರುವ ಸ್ಲೈಡ್ ಕಂಡ ಕೂಡಲೇ ಏಕದಳವೋ ದ್ವಿದಳವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಬೇರೋ ಕಾಂಡವೋ ತೀರ್ಮಾನಿಸಿ.

ಕ್ಸೈಲಮ್ ಅಂದರೆ ನೀರು ಸಾಗಿಸುವ ಅಂಗಾಂಶ. ಅದರ ಕಿರಿದಾದ ತೂತುಗಳು ಅಂಚಿನ ಕಡೆಗೆ, ಅಗಲವಾದವು ನಡುವಿನ ಕಡೆಗೆ ಇದ್ದರೆ ಬೇರು. ಇದು ತಿರುಗುಮುರುಗಾಗಿದ್ದರೆ ಕಾಂಡ. ಇನ್ನೂ ಅನುಮಾನವೇ? ಆಹಾರ ಸಾಗಿಸುವ ಅಂಗಾಂಶವಾದ ಫ್ಲೋಯಮ್ ಎಲ್ಲಿದೆ ನೋಡಿ. ಕಾಂಡದಲ್ಲಿ ಎರಡೂ ಒಂದೇ ಕಟ್ಟಿನಲ್ಲಿರುತ್ತವೆ. ಬೇರಿನಲ್ಲಿ ಒಂದು ಬಿಟ್ಟು ಒಂದರಂತೆ ಬೇರೆ ಬೇರೆ ನಿಂತಿರುತ್ತವೆ.

ಆಮೇಲಿನದು ಸುಲಭ. ಬೇರಿನಲ್ಲಿ ಕ್ಸೈಲಮ್ ಗುಂಪು 2ರಿಂದ 4 ಇದ್ದರೆ ಸಾಮಾನ್ಯವಾಗಿ ದ್ವಿದಳ, 6ಕ್ಕಿಂತ ಜಾಸ್ತಿ ಇದ್ದು ನಡುವೆ ದೊಡ್ಡ ತಿರುಳಿದ್ದರೆ ಏಕದಳ. ಕಾಂಡದಲ್ಲಿ ಸೂರ್ಯಕಾಂತಿಯ ಕಟ್ಟುಗಳು ಬಳೆಯಂತೆ ಸುತ್ತ ಜೋಡಿಸಿರುತ್ತವೆ, ಮೆಕ್ಕೆಜೋಳದಲ್ಲಿ ಚೆಲ್ಲಾಪಿಲ್ಲಿ. ಎಲೆಯ ನರದಲ್ಲಿ ಕ್ಸೈಲಮ್ ಎಲೆಯ ಮೇಲ್ಬದಿಯ ಕಡೆಗಿರುತ್ತದೆ. ಚಿತ್ರ ಬರೆಯುವಾಗ ಬಹಳ ಜನ ತಪ್ಪುವುದು ಇಲ್ಲೇ.

ಸೆಕ್ಷನ್ ನೀವೇ ಕತ್ತರಿಸಬೇಕಾದರೆ ಎಳೆಯ ಕಾಂಡ ಆರಿಸಿಕೊಳ್ಳಿ. ಬ್ಲೇಡ್ ಹೊಸದಿರಲಿ, ಒದ್ದೆಯಾಗಿರಲಿ. ಪೂರ್ತಿ ದುಂಡಗೆ ಬರಲೇಬೇಕು ಅಂತ ಹಟ ಬೇಡ, ತೆಳುವಾದ ಅರ್ಧ ತುಂಡೇ ಸಾಕು. ಎಲೆ ಮಡಚಿಕೊಳ್ಳುತ್ತದೆ ಅಲ್ವಾ? ಕ್ಯಾರೆಟ್ ತುಂಡನ್ನು ಸೀಳಿ ಅದರೊಳಗೆ ಸಿಕ್ಕಿಸಿ ಕತ್ತರಿಸಿ. ಸಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ ತೊಳೆದರೆ ಕ್ಸೈಲಮ್ ಕೆಂಪಗೆ ಎದ್ದು ಕಾಣುತ್ತದೆ. ಕವರ್ ಸ್ಲಿಪ್ ಓರೆಯಾಗಿ ಇಳಿಸಿ, ಗಾಳಿಗುಳ್ಳೆ ಬರುವುದಿಲ್ಲ.