ಬ್ರೋಷರ್ ಬಿಡಿ, ಹಿಮ್ಮಡಿ ನೋಡಿ: ಮನೆ ಆರೈಕೆ ಸೇವೆಯನ್ನು ಅಳೆಯುವುದು ಹೇಗೆ?

ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಲು ಜನ ಬೇಕು ಅಂತ ಯಾವ ಏಜೆನ್ಸಿಗೆ ಫೋನ್ ಮಾಡಿದರೂ ಬರುವ ಉತ್ತರ ಒಂದೇ: ನಮ್ಮವರೆಲ್ಲ ತರಬೇತಿ ಆದವರು, ನೀವು ಚಿಂತೆ ಮಾಡಬೇಡಿ. ಚಿಂತೆ ಮಾಡಿ. ಆದರೆ ಲೆಕ್ಕ ಇಟ್ಟು ಮಾಡಿ.

ಫೋನ್ ಎತ್ತುವ ಮುಂಚೆ ಏನೇನು ಕೆಲಸ ಆಗಬೇಕು ಅಂತ ಬರೆದುಕೊಳ್ಳಿ. ಸ್ನಾನ, ಊಟ, ಬಟ್ಟೆ, ಓಡಾಡಿಸುವುದು ಇಷ್ಟೇ ಆದರೆ ಸಹಾಯಕರು ಸಾಕು. ಇಂಜೆಕ್ಷನ್, ಗಾಯದ ಡ್ರೆಸಿಂಗ್, ಟ್ಯೂಬಿನಲ್ಲಿ ಆಹಾರ ಕೊಡುವುದು ಇದ್ದರೆ ನರ್ಸ್ ಬೇಕು. ಇದನ್ನು ಬಿಡಿಸಿ ಹೇಳದಿದ್ದರೆ ಸಹಾಯಕರನ್ನೇ ಕಳಿಸಿ 'ಎಲ್ಲ ಮಾಡ್ತಾರೆ' ಅನ್ನುತ್ತಾರೆ.

ಆಮೇಲೆ ಕೇಳಬೇಕಾದ್ದು: ಬರುವವರ ಹಿನ್ನೆಲೆಯನ್ನು ಯಾರು ಪರಿಶೀಲಿಸಿದ್ದಾರೆ, ಕಾಗದ ತೋರಿಸುತ್ತೀರಾ? ಅವರು ರಜೆ ಹಾಕಿದ ದಿನ ಯಾರು ಬರುತ್ತಾರೆ? ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಯಾರ ಫೋನಿಗೆ ಮಾಡಬೇಕು? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ನೋಡಿ.

ಮೊದಲ ದಿನ ನೀವು ಮನೆಯಲ್ಲೇ ಇರಿ. ಅಡ್ಡ ಬರಬೇಡಿ, ಸುಮ್ನೆ ನೋಡುತ್ತಿರಿ. ಒಳಗೆ ಬಂದವರು ಮೊದಲು ಕೈ ತೊಳೆದರಾ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೋಪು ಹಚ್ಚಿ ಸರಿಯಾಗಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು, ನಲ್ಲಿ ಕೆಳಗೆ ಬೆರಳು ಅದ್ದಿ ತೆಗೆದರೆ ಆಗಲಿಲ್ಲ. ಗಾಲಿಕುರ್ಚಿಗೆ ಕೂರಿಸುವಾಗ ಬ್ರೇಕ್ ಹಾಕಿದರಾ, ಇಲ್ಲ ಕೈ ಹಿಡಿದು ಎಳೆದರಾ? ಎಳೆದರೆ ಭುಜದ ಕೀಲಿಗೆ ಪೆಟ್ಟು. ಊಟ ಮಾಡಿಸುವಾಗ ಎಬ್ಬಿಸಿ ಕೂರಿಸಬೇಕು, ಮಲಗಿಸಿ ತುತ್ತು ಇಟ್ಟರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಊಟ ಆದ ಮೇಲೂ ಅರ್ಧ ಗಂಟೆ ಕೂತೇ ಇರಬೇಕು. ಇನ್ನೊಂದು, ಇದಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ: ಅವರು ಹಿರಿಯರ ಜೊತೆ ಮಾತಾಡುತ್ತಾರಾ, ಅವರ ತಲೆಯ ಮೇಲಿಂದ ನಿಮ್ಮ ಜೊತೆ ಮಾತ್ರ ಮಾತಾಡುತ್ತಾರಾ?

ಒಂದು ವಾರ ಕಳೆದ ಮೇಲೆ ಮೈ ನೋಡಿ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಕೆಳತುದಿ, ಈ ಮೂರರಲ್ಲಿ ಯಾವುದಾದರೂ ಒಂದು ಕಡೆ ಕೆಂಪಾಗಿದ್ದು ಬೆರಳಿನಿಂದ ಒತ್ತಿದರೂ ಬಣ್ಣ ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಇರಬಹುದು, ಆ ಜಾಗ ಸುತ್ತಲಿನದಕ್ಕಿಂತ ಬಿಸಿಯಾಗಿಯೋ ಗಟ್ಟಿಯಾಗಿಯೋ ಇದೆಯಾ ಅಂತ ಮುಟ್ಟಿ ನೋಡಬೇಕು. ತಾವಾಗಿ ಹೊರಳಲು ಆಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದು ನಡೆಯುತ್ತಿದೆಯೋ ಇಲ್ಲವೋ ಚರ್ಮವೇ ಹೇಳುತ್ತದೆ, ಅಲ್ವಾ? ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲುತ್ತಿಲ್ಲ ಅಂತ ಅನುಮಾನಿಸಿ. ತೋಳಿನ ಮೇಲೆ ಬೆರಳಿನ ಗುರುತು ಕಂಡರೆ ಕೇಳದೆ ಬಿಡಬೇಡಿ.

ಪುಸ್ತಕ ಒಂದು ಇರಲಿ. ಮಾತ್ರೆ, ಊಟ, ಮಲ, ಮೂತ್ರ, ಮಗ್ಗುಲು ಬದಲಿಸಿದ್ದು ಎಲ್ಲಕ್ಕೂ ಸಮಯ ಹಾಕಿ ಬರೆಯಬೇಕು. ನಾನು ಒಂದು ಸಲ ಬೆಳಿಗ್ಗೆ ಪುಸ್ತಕ ತೆಗೆದರೆ ರಾತ್ರಿಯ ಮಾತ್ರೆಗೂ ಆಗಲೇ ಟಿಕ್ ಬಿದ್ದಿತ್ತು! ಅಂದಿನಿಂದ ಟಿಕ್ ನಂಬುವುದಿಲ್ಲ, ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆ ಎಣಿಸುತ್ತೇನೆ.

ಹೇಳದೆ ಮನೆಗೆ ಬನ್ನಿ, ಬೇರೆ ಬೇರೆ ಹೊತ್ತಿಗೆ. ಹಿರಿಯರನ್ನು ಒಬ್ಬರೇ ಇದ್ದಾಗ ಮಾತಾಡಿಸಿ. 'ಎಲ್ಲ ಚೆನ್ನಾಗಿದೆ' ಅನ್ನುತ್ತಾರೆ, ಇರುವ ಒಬ್ಬರೂ ಬಿಟ್ಟು ಹೋದರೆ ಅನ್ನುವ ಭಯಕ್ಕೆ. ಹಾಗಾಗಿ 'ಚೆನ್ನಾಗಿದೀರಾ' ಅನ್ನಬೇಡಿ. 'ನಿನ್ನೆ ರಾತ್ರಿ ಬಾತ್‌ರೂಮಿಗೆ ಹೋಗಬೇಕಾದಾಗ ಎಷ್ಟು ಹೊತ್ತಿಗೆ ಬಂದರು' ಅಂತ ಕೇಳಿ. ಎಟಿಎಂ ಕಾರ್ಡು, ಒಡವೆ ನಿಮ್ಮ ಹತ್ತಿರವೇ ಇರಲಿ.

ಸಣ್ಣ ತಪ್ಪಿಗೆ ಏಜೆನ್ಸಿಗೆ ಬರೆದು ತಿಳಿಸಿ. ಏನು ಸರಿಮಾಡಿದೆವು ಅಂತ ವಾಪಸ್ ಹೇಳುವವರ ಜೊತೆ ಮುಂದುವರಿಯಬಹುದು. ಆದರೆ ಹೊಡೆಯುವುದು, ಮಂಚಕ್ಕೆ ಕಟ್ಟುವುದು, ಡಾಕ್ಟರು ಹೇಳದ ನಿದ್ದೆ ಮಾತ್ರೆ ಕೊಡುವುದು ಗೊತ್ತಾದರೆ ಕಾಯಬೇಡಿ. ನೋಡಿಕೊಳ್ಳಲು ಬಂದವರನ್ನು ಅದೇ ದಿನ ಕೆಲಸದಿಂದ ಬಿಡಿಸಿ, ಫೋಟೊ ತೆಗೆದು, ದಿನಾಂಕ ಬರೆದಿಟ್ಟು, ಡಾಕ್ಟರಿಗೆ ತೋರಿಸಿ ಪೊಲೀಸರಿಗೆ ದೂರು ಕೊಡಿ.